ನಾಯಕನ ದೋಷ

ರುದ್ರನಾಟಕವನ್ನು ಪಾಠ ಹೇಳುವ ಮೇಷ್ಟರುಗಳಲ್ಲಿ ಒಂದು ವಾಡಿಕೆಯುಂಟು. ನಾಟಕವನ್ನು ಓದಿ ಮುಗಿಸಿದ ಮೇಲೆ ಕಪ್ಪುಹಲಗೆಯ ಮೇಲೆ 'ನಾಯಕನ ದೋಷ' ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೊಂದು ಗೆರೆ ಎಳೆದು, ಹುಡುಗರ ಕಡೆಗೆ ತಿರುಗಿ ನಿಲ್ಲುವುದು. ಮ್ಯಾಕ್‌ಬೆತ್‌ನದು ರಾಜ್ಯಲೋಭ, ಒಥೆಲೋವಿನದು ಸಂಶಯ, ಲಿಯರ್ ದೊರೆಯದು ಮುಂಗೋಪ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಹತ್ತು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ನಾನೂ ಮೂವತ್ತು ವರ್ಷ ಹೀಗೆಯೇ ಪಾಠ ಹೇಳಿಕೊಂಡು ಬಂದವನು. ಒಂದು ವರ್ಷ ಒಬ್ಬ ಹುಡುಗ ಒಥೆಲೋವಿನ ದೋಷವನ್ನು ಕುರಿತ ಪ್ರಶ್ನೆಗೆ ವಿಚಿತ್ರವಾದೊಂದು ಉತ್ತರವನ್ನು ಬರೆದಿದ್ದ. ಮದುವೆಯ ರಾತ್ರಿಯೇ ಗಂಡನನ್ನು ಯುದ್ಧಕ್ಕೆ ಹೊರಡಿಸಿದ ವೆನಿಸ್ಸಿನ ಅಧಿಪತಿ, ಕುಡಿದರೆ ತಲೆ ನಿಲ್ಲದೆಂದು ಗೊತ್ತಿದ್ದೂ ಕುಡಿದ ಕ್ಯಾಸಿಯೋ, ಸಿಕ್ಕಿದ ಕರವಸ್ತ್ರವನ್ನು ಒಡತಿಗೆ ಕೊಡದೆ ತನ್ನ ಗಂಡನಿಗೆ ಕೊಟ್ಟ ಎಮಿಲಿಯಾ, ಹೀಗೆ ಒಬ್ಬೊಬ್ಬರ ಹೆಸರನ್ನೂ ಪಟ್ಟಿ ಮಾಡಿ, ಇವರಲ್ಲಿ ಯಾರೊಬ್ಬರು ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರೂ ಡೆಸ್ಡಿಮೋನ ಬದುಕಿಕೊಳ್ಳುತ್ತಿದ್ದಳು ಎಂದು ಮುಗಿಸಿದ್ದ. 'ಪ್ರಶ್ನೆಗೆ ಉತ್ತರವಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ನಾನು ಅವನಿಗೆ ಮೂರು ಅಂಕ ಕೊಟ್ಟೆ.

ಆ ಹುಡುಗನ ನೆನಪು ಇಷ್ಟು ವರ್ಷಗಳ ಮೇಲೆ ಮರಳಿ ಬರಲು ಒಂದು ಸರಕಾರಿ ವರದಿ ಕಾರಣವಾಯಿತು. ಸಾಹಿತ್ಯದ ಪುಟದಲ್ಲಿ ಸರಕಾರಿ ವರದಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಾನು ಅದರ ಬಳಿಗೆ ಹೋದದ್ದು ಒಂದು ಪುಸ್ತಕದ ದಾರಿಯಿಂದಲೇ. ರುವಾಂಡ ದೇಶದಲ್ಲಿ ೧೯೯೪ರಲ್ಲಿ ನಡೆದ ಜನಾಂಗಹತ್ಯೆಯನ್ನು ಕುರಿತು ಆಲಿಸನ್ ಡೆ ಫೋರ್ಜ್ ಎಂಬ ಅಮೆರಿಕದ ಇತಿಹಾಸಕಾರ್ತಿ ೧೯೯೯ರಲ್ಲಿ 'ಲೀವ್ ನನ್ ಟು ಟೆಲ್ ದ ಸ್ಟೋರಿ' ಎಂಬ ಏಳುನೂರು ಪುಟಗಳಿಗೂ ಮೀರಿದ ಗ್ರಂಥವನ್ನು ಪ್ರಕಟಿಸಿದರು. ಅದನ್ನು ಓದುತ್ತಿದ್ದಾಗ ಬರೆದವರ ಜೀವನವನ್ನು ತಿಳಿಯಬೇಕೆನಿಸಿತು. ಆಕೆ ೨೦೦೯ನೆಯ ಇಸವಿಯ ಫೆಬ್ರವರಿ ೧೨ರ ರಾತ್ರಿ ತಮ್ಮ ಊರಾದ ಬಫಲೋಗೆ ಹಿಂದಿರುಗುತ್ತಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂದು ಗೊತ್ತಾಯಿತು. ಕಾರಣ? ಎರಡೇ ಮಾತು: 'ಪೈಲಟ್ ಎರರ್'. ಒಂದು ದುರಂತಕ್ಕೆ ಯಾರು ಯಾರು ಎಷ್ಟೆಷ್ಟು ಹೊಣೆಯೆಂದು ವರ್ಷಗಟ್ಟಲೆ ಕೂತು ವಿಚಾರಿಸಿ ಏಳುನೂರು ಪುಟ ಬರೆದವರ ಸಾವಿಗೆ ಎರಡೇ ಮಾತಿನ ವಿವರಣೆ! ಮನಸ್ಸು ಒಪ್ಪಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ೨೦೧೦ರ ಫೆಬ್ರವರಿಯಲ್ಲಿ ಅಂಗೀಕರಿಸಿದ ತನಿಖಾ ವರದಿಯನ್ನು ಹುಡುಕಿ ಓದಿದೆ. ಓದಿದ ಮೇಲೆ, ನಾನು ಇದುವರೆಗೆ ಹೇಳಿದ ರುದ್ರನಾಟಕದ ಪಾಠ ಅರ್ಧ ಪಾಠವೆಂಬ ಸಂಶಯ ಹುಟ್ಟಿತು. ಅದನ್ನು ವಾಚಕರ ಮುಂದೆ ಇಡುವುದಕ್ಕಾಗಿಯೇ ಈ ಬರಹ.

ಮೊದಲು ನಡೆದದ್ದೇನೆಂದು ಹೇಳಬೇಕು. ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕ್ ನಿಲ್ದಾಣದಿಂದ ಬಫಲೋ ನಗರಕ್ಕೆ ಹೋಗುವ ಸಣ್ಣ ವಿಮಾನ. ಎರಡು ಪಂಖಗಳ, ಎಪ್ಪತ್ತನಾಲ್ಕು ಆಸನಗಳ 'ಕ್ಯೂ-೪೦೦' ಎಂಬ ಮಾದರಿಯದು. ದೊಡ್ಡ ಊರಿಗೂ ನಡುವಿನ ಊರಿಗೂ ಬಸ್ಸಿನಂತೆ ಓಡಾಡುವ ಇಂಥ ವಿಮಾನಗಳ ಟಿಕೀಟಿನ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ, ಓಡಿಸುವವರು ಇನ್ನೊಬ್ಬರಾಗಿರುತ್ತಾರೆ. ಇಲ್ಲಿ ಹೆಸರು ಕಾಂಟಿನೆಂಟಲ್ ಕಂಪನಿಯದು, ವಿಮಾನವೂ ಚಾಲಕರೂ ಕೋಲ್ಗನ್ ಏರ್ ಎಂಬ ಕಂಪನಿಯವರು. ಅಂಕಿತ ಒಬ್ಬರದು, ಕೃತಿ ಇನ್ನೊಬ್ಬರದು. ಆ ಸಂಜೆ ನ್ಯೂವಾರ್ಕಿನಲ್ಲಿ ಬಿರುಗಾಳಿಯಿದ್ದುದರಿಂದ ವಿಮಾನ ಎರಡು ಗಂಟೆಗಳಷ್ಟು ತಡವಾಗಿ, ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ ಹೊರಟಿತು. ಒಂದು ಗಂಟೆಯ ಪ್ರಯಾಣ. ನಿಲ್ದಾಣ ಇನ್ನು ಎಂಟೊಂಬತ್ತು ಕಿಲೋಮೀಟರ್ ಇದೆಯೆನ್ನುವಾಗ, ಹತ್ತು ಗಂಟೆ ಹದಿನೇಳು ನಿಮಿಷದ ಹೊತ್ತಿಗೆ, ಕ್ಲಾರೆನ್ಸ್ ಸೆಂಟರ್ ಎಂಬ ಊರಿನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ ೪೯ ಮಂದಿಯೂ, ಆ ಮನೆಯಲ್ಲಿದ್ದ ಒಬ್ಬರೂ ಸತ್ತರು. ಯಂತ್ರದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರೆಕ್ಕೆಗೆ ಹಿಮ ಕಟ್ಟಿತ್ತೆಂಬುದು ನಿಜ. ವಿಮಾನವನ್ನು ಕೆಡಹುವಷ್ಟು ಕಟ್ಟಿರಲಿಲ್ಲ.

ಯಂತ್ರದ ದೋಷವಲ್ಲ, ಹಿಮದ ದೋಷವಲ್ಲ ಎಂದ ಮೇಲೆ ಉಳಿದದ್ದು 'ಪೈಲಟ್ ಎರರ್'. ಈ ಮಾತನ್ನು ಕನ್ನಡಕ್ಕೆ ತರುವಾಗ ನಾವು 'ಚಾಲಕನ ತಪ್ಪು' ಎನ್ನುತ್ತೇವೆ. ಈ 'ತಪ್ಪು' ಎಂಬ ನಮ್ಮ ಪದವನ್ನು ಕೊಂಚ ನಿಂತು ನೋಡಬೇಕು. ಕೈತಪ್ಪಿ ಲೋಟ ಬೀಳುತ್ತದೆ. ಕರು ದಾರಿ ತಪ್ಪುತ್ತದೆ. ಮಗು ಲೆಕ್ಕ ತಪ್ಪುತ್ತದೆ. ಸಾಲಗಾರ ಮಾತಿಗೆ ತಪ್ಪುತ್ತಾನೆ. ತಪ್ಪು ಮಾಡಿದವನು ತಪ್ಪುಕಾಣಿಕೆ ಕಟ್ಟುತ್ತಾನೆ. ಜಾರುವುದರಿಂದ ಹಿಡಿದು ದ್ರೋಹದವರೆಗೆ ಎಲ್ಲಕ್ಕೂ ಒಂದೇ ಶಬ್ದ. ಆದ್ದರಿಂದ 'ಚಾಲಕನ ತಪ್ಪು' ಎಂದಾಗ ಹೇಳುವವನು ಲೋಟ ಜಾರಿದ ಅರ್ಥದಲ್ಲಿ ಹೇಳಿದ್ದನ್ನು ಕೇಳುವವನು ತಪ್ಪುಕಾಣಿಕೆಯ ಅರ್ಥದಲ್ಲಿ ಕೇಳಿಸಿಕೊಳ್ಳಬಹುದು. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನ ನಮ್ಮ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಉರುಳಿ ೧೫೮ ಮಂದಿ ಸತ್ತರಷ್ಟೆ. ಅದು ದೊಡ್ಡ ವಿಮಾನ, ಅದರ ಕಥೆಯೇ ಬೇರೆ. ಆದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾಗಿದ್ದ ನಾಯಕ ಹಾಗೆ ಮಾಡಲಿಲ್ಲವೆಂಬ ತೀರ್ಪು ಬಂದಾಗ ನಮ್ಮ ಮನೆಯ ಜಗಲಿಯ ಮೇಲೂ ಇದೇ ಎರಡು ಮಾತು ಓಡಾಡಿದವು. 'ಪೈಲಟ್ ತಪ್ಪಂತೆ' ಎಂದೊಡನೆ ಮಾತು ಬೇರೆ ಕಡೆ ತಿರುಗಿತು. ತಿರುಗಿಸಿದವರಲ್ಲಿ ನಾನೂ ಒಬ್ಬ. ಆ ವಿಚಾರಣೆಯ ವರದಿಯನ್ನು ಆಗ ನಾನು ಓದಿರಲಿಲ್ಲ. ತೀರ್ಪು ಸಿಕ್ಕಿದ ಮೇಲೆ ಗ್ರಂಥವನ್ನು ಯಾರು ಓದುತ್ತಾರೆ?

ಬಫಲೋದ ವರದಿಯ ಕೊನೆಗೆ ಕಾರಣವನ್ನು ಹೇಳುವ ಒಂದು ವಾಕ್ಯವಿದೆ. ಆ ವಾಕ್ಯದಲ್ಲಿ 'ಪೈಲಟ್ ಎರರ್' ಎಂಬ ಮಾತೇ ಇಲ್ಲವೆಂಬುದು ನನಗೆ ಮೊದಲ ಆಶ್ಚರ್ಯ. ಅಲ್ಲಿ ಹೇಳಿರುವುದು, ವೇಗ ಕುಗ್ಗಿತೆಂಬ ಎಚ್ಚರಿಕೆ ಬಂದಾಗ ನಾಯಕನು ಅದಕ್ಕೆ ತಕ್ಕದ್ದಲ್ಲದ ರೀತಿಯಲ್ಲಿ ವರ್ತಿಸಿದನೆಂದು. ವರದಿಕಾರರು ಕ್ರಿಯೆಯನ್ನು ಹೆಸರಿಸಿದ್ದಾರೆ. ಕ್ರಿಯೆಯಿಂದ ಮನುಷ್ಯನ ಮೇಲೆ ಹಣೆಬರಹ ಬರೆದಿಲ್ಲ. ನಾಯಕ ಮತ್ತು ಸಹಚಾಲಕಿಯ ಹೆಸರುಗಳೂ ವರದಿಯಲ್ಲಿಲ್ಲ. ಉದ್ದಕ್ಕೂ ಅವರು 'ಕ್ಯಾಪ್ಟನ್', 'ಫಸ್ಟ್ ಆಫೀಸರ್' ಮಾತ್ರ. ಈ ಸಂಯಮ ನನಗೆ ಹಿಡಿಸಿತು. ನಾನೂ ಅದನ್ನೇ ಪಾಲಿಸುತ್ತೇನೆ. ನಮ್ಮ ಭಾಷೆಯಲ್ಲಿ ವಿಮಾನದ ಕ್ಯಾಪ್ಟನ್ನೂ ನಾಯಕನೇ, ನಾಟಕದ ಮುಖ್ಯಪಾತ್ರವೂ ನಾಯಕನೇ ಎಂಬುದು ಈ ವಿಮರ್ಶೆಗೆ ಒದಗಿಬಂದ ಅನುಕೂಲ, ಒಂದು ಅಪಾಯ ಕೂಡ.

ಅಪಾಯವೇನೆಂದರೆ, ವಿಮಾನದ ಚಾಲಕರ ಕೋಣೆಯ ಮಾತುಗಳನ್ನು ಹಿಡಿದಿಡುವ ಯಂತ್ರದಿಂದ ಬರೆದು ತೆಗೆದ ಸಂಭಾಷಣೆಯನ್ನು ಓದಿದವರಿಗೆ ಇದು ನಾಟಕವೇ ಎನಿಸುತ್ತದೆ. ಮಂಡಳಿಯವರು ಧ್ವನಿಯನ್ನು ಹೊರಬಿಡುವುದಿಲ್ಲ, ಬರಹವನ್ನು ಮಾತ್ರ ಪ್ರಕಟಿಸುತ್ತಾರೆ. ಎಡಗಡೆ ಗಂಟೆ, ನಿಮಿಷ, ಸೆಕೆಂಡು, ಬಲಗಡೆ ಮಾತು, ನಡುನಡುವೆ ಚೌಕಕಂಸದಲ್ಲಿ ಇಂಥ ಶಬ್ದವಾಯಿತೆಂಬ ರಂಗಸೂಚನೆ. ಇಂಥ ಬರಹಗಳನ್ನೇ ಒಂದಕ್ಷರ ಹೆಚ್ಚುಮಾಡದೆ ರಂಗಕ್ಕೆ ತಂದ 'ಚಾರ್ಲಿ ವಿಕ್ಟರ್ ರೋಮಿಯೋ' ಎಂಬ ನಾಟಕವೊಂದು ೧೯೯೯ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡು, ಮುಂದೆ ೨೦೧೩ರಲ್ಲಿ ಚಲನಚಿತ್ರವೂ ಆಯಿತು. ಬಫಲೋದ ಘಟನೆ ಆ ನಾಟಕದಲ್ಲಿಲ್ಲ, ಇದ್ದಿದ್ದರೂ ಒಗ್ಗುತ್ತಿತ್ತು. ಹಳೆಯ ಲಾಕ್ಷಣಿಕರು ಬಯಸಿದ ಸ್ಥಳೈಕ್ಯ, ಕಾಲೈಕ್ಯ, ಕ್ರಿಯೈಕ್ಯ ಮೂರೂ ಇಲ್ಲಿ ತಾವಾಗಿಯೇ ಕೂಡಿಬಂದಿವೆ. ಒಂದೇ ಕೋಣೆ, ಒಂದೇ ಗಂಟೆ, ಒಂದೇ ಕಾರ್ಯ, ಎರಡೇ ಪಾತ್ರ. ಇಷ್ಟು ಬಿಗಿಯಾದ ಕಟ್ಟಿನಲ್ಲಿ ಅನಾಹುತ ನಡೆದರೆ ಓದುಗನ ಬೆರಳು ತಾನಾಗಿ ನಾಯಕನ ಕಡೆಗೆ ತಿರುಗುತ್ತದೆ. ಕೋಣೆಯಲ್ಲಿ ಬೆರಳು ತೋರಿಸಲು ಇನ್ಯಾರಿದ್ದಾರೆ?

ಕೊನೆಯ ಅಂಕ ಇಪ್ಪತ್ತೇಳು ಸೆಕೆಂಡುಗಳದು. ಅದು ಅರ್ಥವಾಗಬೇಕಾದರೆ ವಿಮಾನ ಹಾರುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿಯುವಷ್ಟು ಹೊತ್ತು ಅದು ವಿಮಾನವನ್ನು ಎತ್ತಿ ಹಿಡಿಯುತ್ತದೆ. ವೇಗ ತೀರ ಇಳಿದು ಮೂತಿ ಮೇಲಕ್ಕೆದ್ದರೆ ಆ ಹರಿವು ಹರಿದುಹೋಗಿ ರೆಕ್ಕೆ ಕೈಬಿಡುತ್ತದೆ. ಇದಕ್ಕೆ 'ಸ್ಟಾಲ್' ಎಂದು ಹೆಸರು. ಆಗ ಮಾಡಬೇಕಾದದ್ದು ಮೂತಿಯನ್ನು ಕೆಳಕ್ಕೆ ಬಾಗಿಸಿ ಪೂರ್ತಿ ಶಕ್ತಿ ಕೊಡುವುದು. ನಿಧಾನವಾಗಿ ಓಲಾಡುವ ಸೈಕಲ್ಲನ್ನು ಇಳಿಜಾರಿಗೆ ಬಿಟ್ಟರೆ ನೆಟ್ಟಗಾಗುವ ಹಾಗೆ. ವೇಗ ಅಪಾಯದ ಹತ್ತಿರ ಬಂದಾಗ ಚಾಲಕನ ಕೈಯಲ್ಲಿರುವ ದಂಡ ತಾನೇ ಗಡಗಡನೆ ನಡುಗಿ ಎಚ್ಚರಿಸುತ್ತದೆ. ಅದಕ್ಕೂ ಮೀರಿದರೆ ಯಂತ್ರವೇ ದಂಡವನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ಬಾಗಿಸುತ್ತದೆ.

ಆ ರಾತ್ರಿ ಚಕ್ರಗಳನ್ನು ಇಳಿಸಿ, ಶಕ್ತಿಯನ್ನು ತಗ್ಗಿಸಿದ ಮೇಲೆ ವೇಗ ಬೇಗಬೇಗನೆ ಇಳಿಯತೊಡಗಿತು; ಇಬ್ಬರೂ ಗಮನಿಸಲಿಲ್ಲ. ಸುಮಾರು ೧೩೧ ನಾಟ್ ವೇಗದಲ್ಲಿ ದಂಡ ನಡುಗಿತು. ಇಲ್ಲೊಂದು ಸೂಕ್ಷ್ಮವಿದೆ. ಹಿಮದ ಹವೆಯಲ್ಲಿ ಎಚ್ಚರಿಕೆ ಮುಂಚಿತವಾಗಿಯೇ ಬರಲಿ ಎಂದು ಒತ್ತುವ ಗುಂಡಿಯೊಂದನ್ನು ಅವರು ಒತ್ತಿದ್ದರು. ಆದರೆ ಇಳಿಯುವ ವೇಗವನ್ನು ಮಾತ್ರ ಹಿಮವಿಲ್ಲದ ರೆಕ್ಕೆಯ ಲೆಕ್ಕದಲ್ಲಿ ಗೊತ್ತುಮಾಡಿಕೊಂಡಿದ್ದರು. ಹೀಗಾಗಿ ದಂಡ ನಡುಗಿದಾಗ ರೆಕ್ಕೆ ಇನ್ನೂ ಕೈಬಿಟ್ಟಿರಲಿಲ್ಲ. ಬಂದದ್ದು ಎಚ್ಚರಿಕೆ, ಅನಾಹುತವಲ್ಲ. ನಾಯಕ ದಂಡವನ್ನು ಹಿಂದಕ್ಕೆ ಎಳೆದ. ಮೂತಿ ಮೇಲಕ್ಕೆದ್ದಿತು, ಇದ್ದ ವೇಗವೂ ಹೋಯಿತು, ಈಗ ನಿಜವಾಗಿಯೇ ರೆಕ್ಕೆ ಕೈಬಿಟ್ಟಿತು. ಯಂತ್ರ ಮೂರು ಸಲ ದಂಡವನ್ನು ಮುಂದಕ್ಕೆ ತಳ್ಳಿತು. ಮೂರು ಸಲವೂ ಆತ ಇನ್ನಷ್ಟು ಬಲವಾಗಿ ಹಿಂದಕ್ಕೆ ಎಳೆದ. ಸಹಚಾಲಕಿ ಆ ಗಾಬರಿಯಲ್ಲಿ, ಯಾರೂ ಹೇಳದೆ, ರೆಕ್ಕೆಗೆ ಆಸರೆಯಾಗಿದ್ದ ಮಡಿಕೆಗಳನ್ನು ಒಳಕ್ಕೆ ಸೇರಿಸಿಬಿಟ್ಟಳು. ಬೀಳುತ್ತಿರುವವನು ಮೇಲಕ್ಕೆ ಎಳೆದುಕೊಳ್ಳುವುದು ದೇಹದ ಧರ್ಮ. ಹಾರುವ ವಿದ್ಯೆಯೆಂದರೆ ಆ ಧರ್ಮವನ್ನು ಮೀರಿ ಕೈಯನ್ನು ಪಳಗಿಸುವುದು. ಅಲ್ಲಿ ಪಳಗಿದ ಕೈ ಸೋತು ದೇಹ ಗೆದ್ದಿತು. ಕೊನೆಯ ಎರಡು ಮೂರು ಮಾತುಗಳನ್ನು ನಾನು ಇಲ್ಲಿ ಎತ್ತಿ ಬರೆಯುವುದಿಲ್ಲ. ತನಿಖೆಗೆ ಅವು ಬೇಕು, ರಸಾಸ್ವಾದಕ್ಕೆ ಬೇಡ.

ಅದಕ್ಕಿಂತ ಹಿಂದಿನ ಸಂಭಾಷಣೆಯನ್ನು ಕುರಿತು ಮಾತ್ರ ಹೇಳಬೇಕು. ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಚಾಲಕರು ಕೆಲಸಕ್ಕೆ ಬೇಡದ ಒಂದು ಮಾತನ್ನೂ ಆಡಕೂಡದೆಂದು ಅಲ್ಲಿ ೧೯೮೧ರಿಂದ ನಿಯಮವಿದೆ. ಇವರಿಬ್ಬರೂ ಆಡುತ್ತಲೇ ಬಂದರು. ಏನು ಆಡಿದರು? ಹೊರಗೆ ಕಾಣುತ್ತಿದ್ದ ಹಿಮದಿಂದಲೇ ಮಾತು ಮೊದಲಾಗುತ್ತದೆ. ತಾನು ಈ ಕೆಲಸಕ್ಕೆ ಬರುವ ಮೊದಲು ಹಿಮವನ್ನೇ ಕಂಡವಳಲ್ಲವೆಂದೂ, ಆಗಲೇ ಕಂಡಿದ್ದರೆ ಕಂಗಾಲಾಗುತ್ತಿದ್ದೆನೆಂದೂ, ಅಂಥ ಹೊತ್ತಿನಲ್ಲಿ ತೀರ್ಮಾನ ಮಾಡುವ ಹೊಣೆ ತನ್ನ ಮೇಲೆ ಬೀಳದಿರಲೆಂದೂ ಆ ಇಪ್ಪತ್ತನಾಲ್ಕು ವರ್ಷದ ಹುಡುಗಿ ಹೇಳುತ್ತಾಳೆ. ನಾಯಕ ತನ್ನ ಮೊದಲ ದಿನಗಳನ್ನು ನೆನೆಸಿಕೊಳ್ಳುತ್ತಾನೆ. ನಾಟಕಕಾರನೊಬ್ಬ ಬರೆದಿದ್ದರೆ ಪಾತ್ರದ ಅಂತರಂಗವನ್ನು ತೆರೆದು ತೋರಿಸುವ ದೃಶ್ಯವೆಂದು ನಾವು ಹೊಗಳುತ್ತಿದ್ದ ಮಾತುಗಳು ಇವು. ವರದಿಯಲ್ಲಿ ಇವೇ ಅಪರಾಧ. ನಿಯಮದ ಕಣ್ಣಿಗೆ ಹರಟೆ. ನನ್ನ ಕಣ್ಣಿಗೆ, ಅಂಜಿಕೆಯಿದ್ದ ಇಬ್ಬರು ತಮ್ಮ ಅಂಜಿಕೆಯನ್ನು ಮಾತಿನಲ್ಲಿ ಹಂಚಿಕೊಂಡು ಹಗುರಾಗಲು ಯತ್ನಿಸಿದ್ದು. ಎರಡು ಓದೂ ನಿಜ. ಹಿಮವನ್ನು ಕುರಿತು ಮಾತಾಡುತ್ತಿದ್ದವರು ವೇಗದ ಮುಳ್ಳನ್ನು ನೋಡಲಿಲ್ಲ. ಸಂಸ್ಕೃತದ 'ಪ್ರಮಾದ' ಎಂಬ ಮಾತಿಗೆ ಎಚ್ಚರಗೇಡಿತನವೆಂದು ಮೂಲಾರ್ಥ. ಕನ್ನಡದಲ್ಲಿ ನಾವು ಅದನ್ನು ದೊಡ್ಡ ತಪ್ಪಿಗೆ ಬಳಸುತ್ತೇವೆ. ಎಚ್ಚರ ತಪ್ಪುವ ಸಣ್ಣ ಗಳಿಗೆಯಿಂದ ದೊಡ್ಡ ಅನಾಹುತದವರೆಗಿನ ದಾರಿ ಈ ಒಂದು ಪದದ ಚರಿತ್ರೆಯಲ್ಲೇ ಇದೆ.

ಇಲ್ಲಿಯವರೆಗೆ ನಾಟಕ. ವರದಿ ದೊಡ್ಡದಾಗುವುದು ಅದು ಐಕ್ಯಗಳನ್ನು ಮುರಿದು ಕೋಣೆಯಿಂದ ಹೊರಕ್ಕೆ ಬಂದಾಗ. ಆ ಹುಡುಗಿಯ ಮನೆ ದೇಶದ ಮತ್ತೊಂದು ಅಂಚಿನಲ್ಲಿ, ಸಿಯಾಟಲ್ ನಗರದ ಬಳಿ, ಕೆಲಸ ನ್ಯೂವಾರ್ಕಿನಲ್ಲಿ. ಹಿಂದಿನ ರಾತ್ರಿಯೆಲ್ಲ ಸರಕು ವಿಮಾನದಲ್ಲಿ ಕೂತು, ನಡುದಾರಿಯ ಮೆಂಫಿಸ್ಸಿನಲ್ಲಿ ಇಳಿದು ಹತ್ತಿ, ಬೆಳಗ್ಗೆ ಬಂದು ಸೇರಿದ್ದಳು. ನೆಗಡಿಯಿತ್ತು. ಆರೋಗ್ಯ ಸರಿಯಿಲ್ಲವೆಂದು ರಜೆ ಕೇಳಿದರೆ ಗುಣವಾಗುವವರೆಗೆ ಕೈಯಿಂದ ಹಣ ಕೊಟ್ಟು ಹೋಟೆಲಿನಲ್ಲಿ ಇರಬೇಕಾಗುತ್ತದೆಂದು ಆಕೆಯೇ ಹೇಳುವ ಮಾತು ದಾಖಲಾಗಿದೆ. ನಾಯಕನ ಮನೆ ಫ್ಲಾರಿಡಾದಲ್ಲಿ. ಆತ ಹಿಂದಿನ ರಾತ್ರಿಯನ್ನು ಕಳೆದದ್ದು ನಿಲ್ದಾಣದ ಸಿಬ್ಬಂದಿಯ ಕೋಣೆಯಲ್ಲಿ. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಕಂಪನಿಯ ಕಂಪ್ಯೂಟರಿನಲ್ಲಿ ಆತನ ಹೆಸರಿದೆ, ಎಂದರೆ ಆಗ ಎಚ್ಚರವಾಗಿದ್ದ. ಇನ್ನೂ ಹಿಂದಕ್ಕೆ ಹೋದರೆ, ಆತ ಚಾಲಕರ ಪರೀಕ್ಷೆಗಳಲ್ಲಿ ಹಲವು ಬಾರಿ ನಪಾಸಾದವನು. ಕೆಲಸಕ್ಕೆ ಸೇರುವಾಗ ಅವೆಲ್ಲವನ್ನೂ ತಿಳಿಸಿರಲಿಲ್ಲ. ಕಂಪನಿಯೂ ಕೆದಕಿ ನೋಡಿರಲಿಲ್ಲ. ಒಟ್ಟು ೩,೩೭೯ ಗಂಟೆ ಹಾರಿದ್ದವನಿಗೆ ಈ ಮಾದರಿಯ ವಿಮಾನದಲ್ಲಿ ಆಗಿದ್ದದ್ದು ೧೧೧ ಗಂಟೆ. ದಂಡವನ್ನು ಮುಂದಕ್ಕೆ ತಳ್ಳುವ ಆ ಯಂತ್ರ ಕೈಗೆ ಹೇಗೆ ತಾಗುತ್ತದೆಂಬುದನ್ನು ಆ ಕಂಪನಿಯ ಅಭ್ಯಾಸಕೋಣೆಯಲ್ಲಿ ಚಾಲಕರಿಗೆ ಕಡ್ಡಾಯವಾಗಿ ತೋರಿಸುತ್ತಿರಲಿಲ್ಲ. ಸರಕಾರದ ನಿಯಮವೂ ಅದನ್ನು ಕೇಳಿರಲಿಲ್ಲ. ಎಂದೂ ಮುಟ್ಟಿ ಅರಿಯದ ಬಲವೊಂದು ಕತ್ತಲೆಯಲ್ಲಿ ಕೈಗೆ ಎದುರಾಗಿ ತಳ್ಳಿದಾಗ ಆತ ಅದನ್ನು ಮಿತ್ರನೆಂದು ಗುರುತಿಸಲಿಲ್ಲ.

ಕರ್ಣನನ್ನು ಕೊಂದವರು ಆರು ಮಂದಿ ಎಂಬ ಮಾತು ಹರಿಕಥೆಯ ದಾಸರಿಂದ ಹಿಡಿದು ಮನೆಯ ಅಜ್ಜಿಯರವರೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕವಚಕುಂಡಲಗಳನ್ನು ಬೇಡಿದವನೊಬ್ಬ, ಶಾಪ ಕೊಟ್ಟವನೊಬ್ಬ, ತಾಯ್ತನವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೇಳಿ ಕೈ ಕಟ್ಟಿದವಳೊಬ್ಬಳು, ಚಕ್ರವನ್ನು ನುಂಗಿದ ನೆಲ, ಸಮಯ ನೋಡಿ ಹೊಡೆಯೆಂದವನೊಬ್ಬ; ಕಟ್ಟಕಡೆಗೆ ಬಾಣ ಬಿಟ್ಟವನೊಬ್ಬ. ಇದನ್ನು ಕೇಳಿ ಬೆಳೆದ ನಾವು, ಕಪ್ಪುಹಲಗೆಯ ಮುಂದೆ ನಿಂತಾಗ ಮಾತ್ರ ಒಬ್ಬನ ದೋಷವನ್ನು ಹುಡುಕಲು ಕಲಿತೆವು. ನನ್ನ ವಿದ್ಯಾರ್ಥಿ ಅಜ್ಜಿಯ ಕಥೆಯ ಕಣ್ಣಿನಿಂದ ಒಥೆಲೋವನ್ನು ಓದಿದ್ದ. ನಾನು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ.

ಹಾಗಾದರೆ ವರದಿ ಪೂರ್ಣವೇ? ವಿಮರ್ಶಕನಾಗಿ ನನ್ನ ಆಕ್ಷೇಪ ಕೊನೆಯ ಆ ಒಂದು ವಾಕ್ಯವನ್ನು ಕುರಿತದ್ದು. ಮುಖ್ಯಕಾರಣ ನಾಯಕನ ವರ್ತನೆ. ಜೊತೆಗೂಡಿದ ಕಾರಣಗಳು ನಾಲ್ಕು: ವೇಗವನ್ನು ಇಬ್ಬರೂ ಗಮನಿಸದಿದ್ದದ್ದು, ಮೌನದ ನಿಯಮವನ್ನು ಮುರಿದದ್ದು, ನಾಯಕನು ಪ್ರಯಾಣವನ್ನು ಸರಿಯಾಗಿ ನಿರ್ವಹಿಸದಿದ್ದದ್ದು, ಹಿಮದ ಹವೆಯಲ್ಲಿ ವೇಗವನ್ನು ಆರಿಸಿ ಕಾಯುವ ವಿಷಯದಲ್ಲಿ ಕಂಪನಿಯ ಕ್ರಮಗಳು ಸಾಲದಿದ್ದದ್ದು. ನಿದ್ರೆಯ ಮಾತೇ ಇಲ್ಲ! ಆಯಾಸದಿಂದ ಇವರ ಕೆಲಸ ಕುಂದಿರಬಹುದೆಂದು ವರದಿಯ ಒಡಲಲ್ಲಿ ಒಪ್ಪಿಕೊಂಡಿದ್ದಾರೆ. ಎಷ್ಟು ಕುಂದಿತೆಂದು ಅಳೆಯಲಾಗದೆಂದು ಹೇಳಿ ಕೊನೆಯ ವಾಕ್ಯದಿಂದ ಅದನ್ನು ಹೊರಗಿಟ್ಟಿದ್ದಾರೆ. ಮಂಡಳಿಯ ಅಧ್ಯಕ್ಷೆಯಾಗಿದ್ದ ಡೆಬೊರಾ ಹರ್ಸ್‌ಮನ್ ಅವರಿಗೆ ಇದು ಸರಿಕಾಣಲಿಲ್ಲ. ಆಯಾಸವೂ ಕಾರಣಗಳ ಸಾಲಿನಲ್ಲಿ ಸೇರಬೇಕೆಂದು ವಾದಿಸಿದರು. ಉಳಿದ ಸದಸ್ಯರು ಒಪ್ಪಲಿಲ್ಲ. ಆಕೆ ತಮ್ಮ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆದಿಟ್ಟರು. ಅಳೆಯಲಾಗದ್ದನ್ನು ಹೇಳಬಾರದೆಂಬುದು ವಿಜ್ಞಾನದ ನಡತೆ, ಅದಕ್ಕೆ ನಮಸ್ಕಾರ. ಆದರೆ ಅಳೆಯಲಾಗದ್ದು ಇಲ್ಲವೇ ಇಲ್ಲವೆಂಬಂತೆ ಓದುಗನಿಗೆ ತೋರಿದರೆ ಅದು ವಾಕ್ಯರಚನೆಯ ದೋಷ. ನೂರಾರು ಪುಟ ಓದುವವರು ಹತ್ತು ಮಂದಿ. ಕೊನೆಯ ವಾಕ್ಯ ಓದುವವರು ಸಾವಿರ. ಅದರ ಮೊದಲ ತುಂಡನ್ನು ಎರಡು ಮಾತಿಗೆ ಇಳಿಸಿಕೊಂಡು ಹೋಗುವವರು ಲಕ್ಷ. ಕಾರಣಗಳ ಸಾಲಿನಲ್ಲಿ ಯಾವುದು ಮುಂದೆ ನಿಲ್ಲುತ್ತದೆ, ಯಾವುದು ಬಾಗಿಲ ಹೊರಗೆ ಉಳಿಯುತ್ತದೆ ಎಂಬುದು ಬರಿಯ ಶೈಲಿಯ ಪ್ರಶ್ನೆಯಲ್ಲ.

ಕಥೆಯಿಂದ ತೆಗೆದ ನೀತಿಯೂ ಇಂಥದ್ದೇ ಒಂದು ಸೋಜಿಗ. ಸತ್ತವರ ಮನೆಯವರು ಒಗ್ಗಟ್ಟಾಗಿ ವಾಷಿಂಗ್ಟನ್ನಿಗೆ ಅಲೆದು ಹೋರಾಡಿದ್ದರಿಂದ ೨೦೧೦ರ ಆಗಸ್ಟಿನಲ್ಲಿ ಹೊಸ ಕಾನೂನು ಬಂದಿತು. ಅದರ ಫಲವಾಗಿ ಚಾಲಕರ ವಿಶ್ರಾಂತಿಯ ನಿಯಮಗಳು ಬಿಗಿಯಾದವು, ಸ್ಟಾಲ್ ಕುರಿತ ಶಿಕ್ಷಣ ತಿದ್ದುಪಾಟಾಯಿತು, ಚಾಲಕರ ಹಿಂದಿನ ದಾಖಲೆಗಳನ್ನು ಒಂದೆಡೆ ಇಡುವ ಏರ್ಪಾಟು ತಡವಾಗಿಯಾದರೂ ಆಯಿತು. ಇವೆಲ್ಲ ವರದಿಯ ಒಡಲನ್ನು ಓದಿದವರು ತೆಗೆದ ನೀತಿಗಳು. ಆದರೆ ಜನರ ಬಾಯಲ್ಲಿ ಹೆಚ್ಚು ನಿಂತದ್ದು, ವಿಮಾನದ ಇಬ್ಬರು ಚಾಲಕರಿಗೂ ಸಾಮಾನ್ಯವಾಗಿ ೧,೫೦೦ ಗಂಟೆಗಳ ಅನುಭವವಿರಬೇಕೆಂಬ ನಿಯಮ. ಈ ನಾಯಕನಿಗೆ ೩,೩೭೯ ಗಂಟೆ ಆಗಿತ್ತೆಂದು ಆಗಲೇ ಹೇಳಿದೆ. ಸಹಚಾಲಕಿಗೆ ೨,೨೪೪ ಆಗಿತ್ತು. ಆ ನಿಯಮ ಒಳ್ಳೆಯದೇ ಇರಬಹುದು. ಈ ಕಥೆಯ ನೀತಿ ಮಾತ್ರ ಅಲ್ಲ. ತಪ್ಪು ಚಾಲಕನದೆಂದು ಒಮ್ಮೆ ನಿಶ್ಚಯಿಸಿಕೊಂಡ ಮೇಲೆ ಮದ್ದನ್ನೂ ಚಾಲಕನ ಲೆಕ್ಕದ ಪುಸ್ತಕದಲ್ಲಿಯೇ ಹುಡುಕುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಓದೂ ಅರ್ಧವಾದೀತು. ಆರು ಮಂದಿಯ ಲೆಕ್ಕದಲ್ಲಿ ಒಂದು ಮೋಸವಿದೆ. ದೋಷವನ್ನು ಕಂಪನಿಗೆ, ಕಾನೂನಿಗೆ, ನಿದ್ರೆಗೆ, ಹಿಮಕ್ಕೆ, ಕಾಲಕ್ಕೆ ಹಂಚುತ್ತಾ ಹೋದರೆ ಕೊನೆಗೆ ಯಾರ ಎಲೆಗೂ ಏನೂ ಬೀಳುವುದಿಲ್ಲ. 'ವಿಧಿ' ಎಂದುಬಿಟ್ಟರೆ ಊಟವೇ ಮುಗಿಯಿತು. ಈ ಮೋಸವನ್ನು ಬಯಲಿಗೆ ಎಳೆಯುವುದನ್ನೇ ಜೀವನದ ಕೆಲಸವಾಗಿ ಮಾಡಿಕೊಂಡಿದ್ದವರು ಅದೇ ವಿಮಾನದಲ್ಲಿದ್ದ ಆ ಇತಿಹಾಸಕಾರ್ತಿ. ರುವಾಂಡದಲ್ಲಿ ನಡೆದದ್ದು ಹಳೆಯ ಕುಲವೈರ ತಾನಾಗಿ ಉಕ್ಕಿ ಹರಿದದ್ದೆಂದು ಜಗತ್ತು ಕೈತೊಳೆದುಕೊಳ್ಳಲು ಹೊರಟಾಗ, ಅಲ್ಲ, ಅಧಿಕಾರದಲ್ಲಿದ್ದ ಕೆಲವರು ಬೇಕೆಂದೇ ಆರಿಸಿಕೊಂಡ ದಾರಿ ಅದು ಎಂದು ಆಕೆ ಸಾಕ್ಷ್ಯಗಳನ್ನು ಜೋಡಿಸಿ ತೋರಿಸಿದರು; ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತು ಹೇಳಿದರು. ಕೊಲೆಗೂ ಕೈತಪ್ಪಿಗೂ ಹೋಲಿಕೆಯಿಲ್ಲ, ಅದನ್ನು ನಾನು ಬಲ್ಲೆ. ಓದುವ ಬಗೆಗೆ ಮಾತ್ರ ಹೋಲಿಕೆಯುಂಟು. ಎಲ್ಲರ ಮೇಲೂ ಹಾಕಿದ ಹೊಣೆ ಯಾರ ಮೇಲೂ ಇರುವುದಿಲ್ಲವೆಂದು ಆ ಪುಸ್ತಕ ಕಲಿಸುತ್ತದೆ. ಒಬ್ಬನ ಮೇಲೆ ಮಾತ್ರ ಹಾಕಿದ ಹೊಣೆ ಉಳಿದವರನ್ನು ಮನೆಗೆ ಕಳಿಸಿಬಿಡುತ್ತದೆಂದು ಈ ವರದಿ ಕಲಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಆ ಕಷ್ಟವನ್ನು ತಪ್ಪಿಸಿಕೊಳ್ಳುವುದಕ್ಕೆ ನಮಗೆ 'ಪೈಲಟ್ ಎರರ್' ಎಂಬ ಮಾತೂ ಬೇಕಾಗಿದೆ, 'ವ್ಯವಸ್ಥೆಯ ದೋಷ' ಎಂಬ ಮಾತೂ ಬೇಕಾಗಿದೆ.

ವರದಿಯ ಗದ್ಯಕ್ಕೆ ಅಲಂಕಾರವಿಲ್ಲ, ವಿಶೇಷಣಗಳಿಲ್ಲ, ಕಣ್ಣೀರಂತೂ ಇಲ್ಲವೇ ಇಲ್ಲ. ಆದರೆ ಒಂದು ಗುಣವನ್ನು ನಮ್ಮ ಬರಹಗಾರರು ಅದರಿಂದ ಕಲಿಯಬಹುದು: ಅದು ನಾಯಕನನ್ನು ಕ್ಷಮಿಸುವುದೂ ಇಲ್ಲ, ಹೀಯಾಳಿಸುವುದೂ ಇಲ್ಲ. ಎಳೆದದ್ದನ್ನು ಎಳೆದನೆಂದೇ ಹೇಳುತ್ತದೆ; ಎಷ್ಟು ಬಲದಿಂದ ಎಳೆದನೆಂದೂ ಹೇಳುತ್ತದೆ; ಆ ಕೈ ಹಿಂದಿನ ರಾತ್ರಿ ಎಲ್ಲಿ ಮಲಗಿತ್ತೆಂದೂ ಹೇಳುತ್ತದೆ. ಆ ರಾತ್ರಿ ವಿಮಾನ ಓಡಿಸಿದ ಕಂಪನಿ ೨೦೧೨ರಲ್ಲಿ ಬಾಗಿಲು ಹಾಕಿತು. ಟಿಕೀಟಿನ ಮೇಲಿದ್ದ ಹೆಸರೂ ಇನ್ನೊಂದು ಕಂಪನಿಯಲ್ಲಿ ಲೀನವಾಗಿ ಅಳಿಸಿಹೋಯಿತು. ಉಳಿದಿರುವುದು ಈ ವರದಿ, ಮತ್ತು ಅದನ್ನು ಕೊನೆಯ ಪುಟದವರೆಗೆ ಓದುವ ಕೆಲಸ. ಬಜ್ಪೆಯ ವರದಿಯನ್ನೂ ಈಗ ತೆರೆದುಕೊಂಡು ಕೂತಿದ್ದೇನೆ. ಆ ದಿನ ಜಗಲಿಯ ಮೇಲೆ ಮಾತು ತಿರುಗಿಸಿದ ಸಾಲವನ್ನು ತೀರಿಸಬೇಕಷ್ಟೆ.

ಇನ್ನು ಆ ಹುಡುಗನ ಉತ್ತರಪತ್ರಿಕೆ. ಇಂದು ಅದು ನನ್ನ ಕೈಗೆ ಮತ್ತೆ ಬಂದರೆ ಎಷ್ಟು ಕೊಡುತ್ತೇನೆಂದು ನನ್ನನ್ನೇ ಕೇಳಿಕೊಂಡೆ. ಮೂರು ಕೊಟ್ಟದ್ದು ನನ್ನ ತಪ್ಪು. ಯಾವ ಅರ್ಥದ ತಪ್ಪೆಂದು ವಾಚಕರೇ ಆರಿಸಿಕೊಳ್ಳಲಿ. ಆದರೆ ಹತ್ತಕ್ಕೆ ಹತ್ತನ್ನೂ ಕೊಡಲಾರೆ. ಅಧಿಪತಿ, ಕ್ಯಾಸಿಯೋ, ಎಮಿಲಿಯಾ ಎಲ್ಲರನ್ನೂ ನೆನೆದವನು, ಡೆಸ್ಡಿಮೋನಳ ಉಸಿರು ಕಟ್ಟಿಸಿದ್ದು ಒಥೆಲೋವಿನ ಎರಡು ಕೈಗಳೆಂಬುದನ್ನು ಬರೆಯಲು ಮರೆತಿದ್ದ. ಏಳು ಕೊಡುತ್ತೇನೆ.